ಮುಂದಿನಪುಟ ಮೇಷ್ಟ್ರು ವಿಚಾರಣಾಧಿಕಾರಿಯಾದದ್ದು

ಭೂಗೋಳದ ಮೇಷ್ಟ್ರು ಆ ಶಾಲೆಗೆ ಬಂದು ಇಪ್ಪತ್ತೆರಡು ವರ್ಷಗಳಾಗಿದ್ದವು. ಅಷ್ಟೂ ವರ್ಷ ಅವರು ಕೂತದ್ದು ಕೈಗಳಿಲ್ಲದ ಕುರ್ಚಿಯಲ್ಲಿ. ಕೈಗಳಿದ್ದ ಕುರ್ಚಿ ಇಡೀ ಶಾಲೆಯಲ್ಲಿ ಎರಡೇ. ಒಂದು ದೊಡ್ಡ ಮೇಡಂ ಅವರದು, ಅಂದರೆ ಮುಖ್ಯೋಪಾಧ್ಯಾಯಿನಿಯವರದು. ಇನ್ನೊಂದು, ಮೇಲಿನವರು ಯಾರಾದರೂ ಬಂದರೆ ಇರಲಿ ಎಂದು ಶಿಕ್ಷಕರ ಕೊಠಡಿಯ ಮೂಲೆಯಲ್ಲಿ ಬಟ್ಟೆ ಹೊದಿಸಿ ಇಟ್ಟದ್ದು. ಮೇಷ್ಟ್ರು ಯಾರ ತಂಟೆಗೂ ಹೋಗುವವರಲ್ಲ. ತಂಟೆ ತಾನಾಗಿ ಬಂದರೆ ದಾರಿ ಬಿಟ್ಟು ನಿಲ್ಲುವವರು. ಆದರೆ ಆ ಕುರ್ಚಿಯ ಮುಂದೆ ಹಾಯುವಾಗಲೆಲ್ಲ ಅವರ ಎರಡು ಮೊಣಕೈಗಳೂ ಏನನ್ನೋ ಕಳೆದುಕೊಂಡವರಂತೆ ತುಡಿಯುತ್ತಿದ್ದವು.

ಮಕ್ಕಳು ಅವರಿಗೆ ಇಟ್ಟ ಹೆಸರು 'ಮುಂದಿನಪುಟ'. ಪಾಠದ ನಡುವೆ ಯಾರಾದರೂ ಕೈ ಎತ್ತಿದರೆ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, "ಅದು ಮುಂದಿನ ಪುಟದಲ್ಲಿ ಬರುತ್ತೆ, ಕೂತ್ಕೋ" ಎನ್ನುತ್ತಿದ್ದರು. ಮುಂದಿನ ಪುಟ ಬರುವ ಹೊತ್ತಿಗೆ ಕೇಳಿದವರಿಗೇ ಪ್ರಶ್ನೆ ಮರೆತಿರುತ್ತಿತ್ತು. ಹೀಗೆ ಇಪ್ಪತ್ತೆರಡು ವರ್ಷ ಪಾಠಗಳು ಒಂದು ಪ್ರಶ್ನೆಯ ಕಾಟವೂ ಇಲ್ಲದೆ ಸುಸೂತ್ರವಾಗಿ ಮುಗಿದಿದ್ದವು.

ಆ ವರ್ಷ ಮೇಲಿನ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಮಕ್ಕಳಲ್ಲಿ ಕುತೂಹಲ ಕಡಿಮೆಯಾಗಿರುವುದು ಗಮನಕ್ಕೆ ಬಂದಿದೆ. ಆದ್ದರಿಂದ ಕೂಡಲೇ ಜಾರಿಗೆ ಬರುವಂತೆ ಎಲ್ಲ ಮಕ್ಕಳೂ ಕುತೂಹಲಿಗಳಾಗತಕ್ಕದ್ದು. ಮಕ್ಕಳೇ ಪ್ರಶ್ನೆ ಕೇಳಿ, ಮಕ್ಕಳೇ ವಿಚಾರಿಸಿ, ಮಕ್ಕಳೇ ಉತ್ತರ ಕಂಡುಕೊಳ್ಳುವ 'ವಿಚಾರಣಾ ಕಲಿಕೆ'ಯನ್ನು ಪ್ರತಿ ಶಾಲೆಯೂ ಆರಂಭಿಸಿ, ಅದಕ್ಕೊಬ್ಬ ಸಂಯೋಜಕರನ್ನು ನೇಮಿಸಿ, ತಿಂಗಳೊಳಗೆ ವರದಿ ಸಲ್ಲಿಸತಕ್ಕದ್ದು. ಈ ಬಗ್ಗೆ ಯಾವುದೇ ಪ್ರಶ್ನೆಗಳಿಗೆ ಅವಕಾಶವಿರುವುದಿಲ್ಲ.

ದೊಡ್ಡ ಮೇಡಂ ಇದನ್ನು ಸಭೆಯಲ್ಲಿ ಓದಿ, "ಯಾರು ವಹಿಸ್ಕೊಳ್ತೀರಿ?" ಎಂದು ಕೇಳಿದರು. ಗಣಿತದವರು ಚಾವಣಿ ನೋಡಿದರು. ಭಾಷೆಯವರಿಗೆ ಕೆಮ್ಮು ಬಂತು. ವಿಜ್ಞಾನದವರು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಮೇಜಿನ ಕೆಳಗೆ ಹೋದವರು ಮೇಲೆ ಬರಲೇ ಇಲ್ಲ.

"ಸಂಯೋಜಕರಿಗೆ ನಕ್ಷೆ ಕೋಣೆ ಬಿಟ್ಕೊಡ್ತೀನಿ," ಎಂದರು ಮೇಡಂ. "ಬಾಗಿಲಿಗೆ ಹಲಗೆ ಹಾಕಿಸ್ಕೊಳ್ಳಿ. ಕೂತ್ಕೊಳ್ಳೋಕೆ ಆ ಬಟ್ಟೆ ಹೊದಿಸಿರೋ ಕುರ್ಚಿ ತೊಗೊಳ್ಳಿ..."

ಭೂಗೋಳದ ಮೇಷ್ಟ್ರ ಕೈ ಮೇಷ್ಟ್ರನ್ನು ಒಂದು ಮಾತೂ ಕೇಳದೆ ಮೇಲೆದ್ದಿತ್ತು.

ಎರಡು ದಿನದಲ್ಲಿ ಪೇಂಟರು ಹಲಗೆ ಬರೆದು ತಂದ. 'ವಿಚಾರಣಾ ಕಲಿಕಾ ಸಂಯೋಜಕರು' ಎಂದು ಬರೆಯಲು ಹೇಳಿದ್ದರು. ಹಲಗೆಯ ಮೇಲಿದ್ದದ್ದು 'ವಿಚಾರಣಾಧಿಕಾರಿ'.

"ಇದೇನಪ್ಪಾ?" ಎಂದರು ಮೇಷ್ಟ್ರು.

"ಸಾರ್, ನೀವು ಕೊಟ್ಟ ಹಲಗೆ ಒಂದು ಮೊಳ. ನೀವು ಕೊಟ್ಟ ಹೆಸರು ಎರಡು ಮೊಳ. 'ವಿಚಾರಣಾ' ಅಂತ ಬರೆದು ನೋಡ್ತೀನಿ, ಅರ್ಧ ಹಲಗೆ ಮುಗಿದೇ ಹೋಗಿದೆ! ಉಳಿದಿದ್ರಲ್ಲಿ ಹೊಂದಿಸ್ದೆ. ಅರ್ಥ ಎಲ್ಲ ಒಂದೇ ಅಲ್ವಾ ಸಾರ್? ಬೇಡ ಅಂದ್ರೆ ಕೆರೆದು ಬರೀತೀನಿ, ಆದ್ರೆ ಅಕ್ಷರ ಇಷ್ಟೇ ಇರುತ್ತೆ." ಪೇಂಟರು ಹೆಬ್ಬೆರಳಿನ ಉಗುರು ತೋರಿಸಿದ.

ಅರ್ಥ ಒಂದೇ ಅಲ್ಲವೆಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ವಿಚಾರಣಾಧಿಕಾರಿಯೆಂದರೆ ತಪ್ಪು ಮಾಡಿದ ನೌಕರರನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳುವವನು. ಅವರು ಹಲಗೆಯನ್ನು ಹತ್ತಿರದಿಂದ ಓದಿದರು, ದೂರದಿಂದ ಓದಿದರು, ತಲೆ ವಾಲಿಸಿ ಓದಿದರು. 'ಅಧಿಕಾರಿ' ಎಂಬ ಭಾಗಕ್ಕೆ ಪೇಂಟರು ನೆರಳು ಕೊಟ್ಟು ಬರೆದಿದ್ದ.

"ಕಷ್ಟಪಟ್ಟು ಬರೆದಿದ್ದೀಯ. ಕೆರೆದ್ರೆ ಮರಕ್ಕೆ ಏಟು," ಎಂದು ಮೊಳೆ ಹೊಡೆಸಿಬಿಟ್ಟರು.

ಆ ಸಂಜೆ ಮನೆಯಲ್ಲಿ ಹೆಂಡತಿಗೆ ಹೇಳಿದರು: "ನನಗೊಂದು ಬೇರೆ ಕೋಣೆ ಕೊಟ್ಟಿದ್ದಾರೆ. ಬಾಗಿಲ ಮೇಲೆ ವಿಚಾರಣಾಧಿಕಾರಿ ಅಂತ ಹಾಕಿದ್ದಾರೆ."

"ಯಾರು ಹಾಕಿದ್ದು?"

"ಹಾಕಿದ್ದಾರೆ," ಎಂದರು ಮೇಷ್ಟ್ರು, ಗಂಭೀರವಾಗಿ.

ಹೆಂಡತಿ ಅದನ್ನು ಬಟ್ಟೆ ಒಣಹಾಕುತ್ತ ಗೋಡೆಯಾಚೆಯ ಮನೆಯಾಕೆಗೆ ಹೇಳಿದರು. ಆಕೆಯ ಗಂಡ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಬೀದಿಯಲ್ಲಿ ಕಾನೂನಿನ ಮಾತು ಬಂದರೆ ಕೊನೆಯ ಮಾತು ಅವರದೇ. ಅವರು ಪತ್ರಿಕೆ ಮಡಚಿಟ್ಟು ಗೇಟಿನ ಬಳಿ ಬಂದು ನಿಂತರು.

"ವಿಚಾರಣಾಧಿಕಾರಿ ಅಂದ್ರೆ ತಮಾಷೆ ಅಲ್ಲ," ಎಂದು ಅಲ್ಲಿ ಸೇರಿದವರಿಗೆ ವಿವರಿಸಿದರು. "ಯಾರನ್ನ ಬೇಕಾದ್ರೂ ಕರೆಸಬಹುದು. ಏನು ಬೇಕಾದ್ರೂ ಕೇಳಬಹುದು. ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ ಅಂದ್ರೆ, ಅದನ್ನೇ ಉತ್ತರ ಅಂತ ಬರ್ಕೋಬಹುದು."

"ಆದ್ರೆ ನಮ್ಮ ಮೇಷ್ಟ್ರು ಪಾಪ, ಅಂಥವರಲ್ಲ..." ಎಂದಿತು ಒಂದು ದನಿ.

"ಅಂಥವರ ಥರ ಕಾಣದವರನ್ನೇ ಹುಡುಕಿ ಹಾಕೋದು," ಎಂದರು ಗುಮಾಸ್ತರು. "ಇಪ್ಪತ್ತೆರಡು ವರ್ಷ ಬಾಯಿ ಬಿಡದೆ ಕೂತಿದ್ದಾರೆ. ಏನೇನು ನೋಡ್ಕೊಂಡಿದ್ದಾರೋ!"

ಮರುದಿನ ಬೆಳಿಗ್ಗೆ ಮೂರನೇ ಮನೆಯವರು ಒಂದು ಏಣಿ ಹೊತ್ತು ತಂದರು. "ನಾಲ್ಕು ವರ್ಷದಿಂದ ವಾಪಸ್ ಕೊಡಬೇಕು ಅಂತ ಅಂದ್ಕೊಳ್ತಾನೇ ಇದ್ದೆ ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ," ಎಂದು ಗೋಡೆಗೆ ಒರಗಿಸಿ ಹೋದರು. ಮೇಷ್ಟ್ರ ಮನೆಯಲ್ಲಿ ಯಾವತ್ತೂ ಏಣಿಯೇ ಇರಲಿಲ್ಲ.

ಭಾನುವಾರ ಹೆಂಡತಿಯ ತಮ್ಮ ಬಂದ. ಅವನು ಊರಿನ ನೀರು ಸರಬರಾಜಿನ ಕಚೇರಿಯಲ್ಲಿ ನೀರುಗಂಟಿ. ತನ್ನಷ್ಟೇ ಎತ್ತರದ ಕಬ್ಬಿಣದ ಕೀಲಿಯಿಂದ ಬೀದಿ ಬೀದಿಯ ವಾಲ್ವು ತಿರುಗಿಸಿ ನೀರು ಬಿಡುವುದು, ನಿಲ್ಲಿಸುವುದು ಅವನ ಕೆಲಸ. ಕೊಟ್ಟ ಕಾಫಿಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದ:

"ಭಾವ, ವಿಚಾರಣೆ ಯಾರ ಮೇಲೆ?"

"ಯಾರ ಮೇಲೂ ಅಲ್ಲ ಕಣೋ. ಇಂಥದ್ದೇ ಅಂತ ಇಲ್ಲ. ಏನು ಬೇಕಾದ್ರೂ ವಿಚಾರಿಸಬಹುದು."

"ಏನು ಬೇಕಾದ್ರೂ?"

"ಹೂಂ. ಆದ್ರೆ ನಾನು ಕೇಳಲ್ಲ. ಪ್ರಶ್ನೆ ಎಲ್ಲ ಮಕ್ಕಳದು."

"ಮಕ್ಕಳ ಕೈಲಿ ಕೇಳಿಸ್ತೀರಾ? ಅವರ ಮುಖ ನೋಡ್ಕೊಂಡು ಸುಳ್ಳು ಹೇಳೋಕೂ ಆಗಲ್ವಲ್ಲ ಭಾವ!" ಎಂದವನು ಕಾಫಿ ಬಿಟ್ಟು ಎದ್ದ. ಮರುದಿನದ ಹೊತ್ತಿಗೆ ಅವನ ಕಚೇರಿಯ ಕಸ ಗುಡಿಸುವವರಿಗೂ ಸುದ್ದಿ ಗೊತ್ತಾಗಿತ್ತು.

ಇತ್ತ ಶಾಲೆಯಲ್ಲಿ ಕುತೂಹಲವನ್ನು ಆರಂಭಿಸುವ ದಿನ ಬಂತು. ಮೇಷ್ಟ್ರು ಏಳನೇ ತರಗತಿಗೆ ಹೋಗಿ, ಕೈ ಕಟ್ಟಿ ನಿಂತು, "ಎಲ್ಲಾರೂ ಪ್ರಶ್ನೆ ಕೇಳಿ" ಎಂದರು.

ಯಾರೂ ಉಸಿರು ಬಿಡಲಿಲ್ಲ. ಇದರಲ್ಲೇನೋ ಮಸಲತ್ತಿದೆ ಎಂದು ಮಕ್ಕಳಿಗೆ ಅನುಮಾನ. ವರದಿಯಲ್ಲಿ 'ಮಕ್ಕಳಿಗೆ ಯಾವ ಸಂದೇಹವೂ ಇಲ್ಲ' ಎಂದು ಬರೆದು ಮುಗಿಸಬಹುದು ಎಂದು ಮೇಷ್ಟ್ರಿಗೆ ಸಮಾಧಾನವಾಗುತ್ತಿರುವಾಗಲೇ ಹಿಂದಿನ ಬೆಂಚಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾರ್, ನಮ್ಮ ಶಾಲೆ ನಲ್ಲೀಲಿ ಹನ್ನೊಂದು ಗಂಟೆಗೆ ನೀರು ಯಾಕೆ ನಿಂತುಹೋಗುತ್ತೆ?"

ಮೊಗಸಾಲೆಯ ಕೊನೆಯ ಆ ನಲ್ಲಿ ಬೆಳಿಗ್ಗೆ ಸುರಿಯುತ್ತಿತ್ತು. ಸರಿಯಾಗಿ ಹನ್ನೊಂದಕ್ಕೆ ಎರಡು ಸಲ ಗೊರಗೊರ ಎಂದು ನಿಲ್ಲುತ್ತಿತ್ತು. ಆಮೇಲೆ ಶಾಲೆ ಬಿಡುವವರೆಗೆ ಒಂದು ಹನಿಯಿಲ್ಲ. ಆಟವಾಡಿ ಬಂದ ಮಕ್ಕಳು ಬಾಯಾರಿ ನಿಲ್ಲುತ್ತಿದ್ದರು. ಮನೆಯಿಂದ ಬಾಟಲಿ ತಂದವರ ಸುತ್ತ ನೆಂಟರು ಹೆಚ್ಚಾಗುತ್ತಿದ್ದರು. ಹನ್ನೊಂದಕ್ಕೆ ನೀರು ನಿಲ್ಲುವುದು, ಸಂಜೆ ಹೊತ್ತು ಮುಳುಗುವಷ್ಟೇ ಸಹಜವೆಂದು ಇಡೀ ಶಾಲೆ ನಂಬಿತ್ತು.

"ಅದು ಮುಂದಿನ ಪುಟ..." ಎಂದು ಬಾಯಿ ತೆರೆದ ಮೇಷ್ಟ್ರು ಪುಸ್ತಕ ನೋಡಿಕೊಂಡರು. ಮುಂದಿನ ಪುಟದಲ್ಲಿ ಇದ್ದದ್ದು ಮರುಭೂಮಿ.

"ಗೊತ್ತಿಲ್ಲ," ಎಂದರು. ಆ ಕೋಣೆಯ ಗೋಡೆಗಳು ಆ ಮಾತನ್ನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಆಶ್ಚರ್ಯವೆಂದರೆ ಚಾವಣಿ ಕುಸಿಯಲಿಲ್ಲ. ಬದಲಿಗೆ ಹನ್ನೆರಡು ಕೈಗಳು ಮೇಲೆದ್ದವು. "ಸಾರ್, ಪೈಪು ಹಿಡ್ಕೊಂಡೇ ಹೋಗಿ ನೋಡೋಣ್ವಾ?"

ಕೊಡೆ ಹಿಡಿದ ಮೇಷ್ಟ್ರು ಮುಂದೆ, ನೋಟ್‌ಬುಕ್ಕು ಹಿಡಿದ ಹನ್ನೆರಡು ಮಕ್ಕಳು ಹಿಂದೆ ಹೊರಟರು. ಪೈಪು ಕಾಂಪೌಂಡಿನ ಬುಡದಿಂದ ಹೊರಬಂದು, ಬೀದಿ ಬದಿಯಲ್ಲಿ ಅರ್ಧ ಮಣ್ಣೊಳಗೆ ಅರ್ಧ ಹೊರಗೆ ತೆವಳುತ್ತ ಇಸ್ತ್ರಿ ಅಂಗಡಿಯ ಮುಂದೆ ಮಾಯವಾಗಿತ್ತು. ಎರಡು ಜಡೆಯ ಹುಡುಗಿ ಅಂಗಡಿಯವನ ಮುಂದೆ ನಿಂತು ಪೆನ್ಸಿಲ್ ಎತ್ತಿ, "ಅಂಕಲ್, ಒಂದು ವಿಷಯ ಕೇಳಬೇಕಿತ್ತು" ಎಂದಳು.

ಅಂಗಡಿಯವನು ಅವಳ ತಲೆಯ ಮೇಲಿಂದ ಮೇಷ್ಟ್ರನ್ನು ನೋಡಿದ. ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ.

"ನಿಮ್ಮ ಆ ನೀಲಿ ಅಂಗಿ ತಾನೆ? ನಾನೇ ಸುಟ್ಟಿದ್ದು. ಕಳೆದುಹೋಯ್ತು ಅಂತ ಹೇಳಿದ್ದು ಸುಳ್ಳು. ಮನೇಲಿ ನೆಲ ಒರೆಸ್ತಾ ಇದ್ದೀವಿ," ಎಂದ ಒಂದೇ ಉಸಿರಿಗೆ.

ಹುಡುಗಿ ಅದನ್ನು ಬರೆದುಕೊಂಡು, "ಪೈಪು ಎಲ್ಲಿಗೆ ಹೋಗುತ್ತೆ?" ಎಂದಳು.

ಬೇಕರಿಯವನು ಅವರನ್ನು ದೂರದಿಂದಲೇ ಕಂಡು, ಯಾರೂ ಏನೂ ಕೇಳುವ ಮೊದಲೇ, 'ಈ ದಿನದ್ದು' ಎಂದು ಚೀಟಿ ಅಂಟಿಸಿದ್ದ ಬನ್ನಿನ ಗಾಜಿನ ಪೆಟ್ಟಿಗೆಯಿಂದ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡ. "ಮೊನ್ನೆದೂ ಸ್ವಲ್ಪ ಸೇರಿದೆ," ಎಂದು ತಲೆ ತಗ್ಗಿಸಿದ. ಜನ ಹೀಗೆ ಕೇಳದಿದ್ದಕ್ಕೆಲ್ಲ ಉತ್ತರ ಕೊಡುವುದನ್ನು ನೋಡಿ ಮೇಷ್ಟ್ರಿಗೆ ವಿಚಾರಣಾ ಕಲಿಕೆಯ ಮೇಲೆ ಅಪಾರ ಗೌರವ ಹುಟ್ಟಿತು. ಕಾರಣ ಹಲಗೆಯಿರಬಹುದೆಂದು ಒಮ್ಮೆ ಅನ್ನಿಸಿತಾದರೂ, ಆ ಯೋಚನೆಯನ್ನು ಅವರು ಕೊಡೆಯಂತೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.

ಪೈಪು ಅವರನ್ನು ನೀರು ಸರಬರಾಜಿನ ಕಚೇರಿಯ ಗೇಟಿಗೆ ತಂದು ಬಿಟ್ಟಿತು. ಜವಾನ ಕಂಡವನೇ ಒಳಗೆ ಓಡಿದ. "ಸಾರ್, ವಿಚಾರಣಾಧಿಕಾರಿ ಬಂದ್ರು! ಜೊತೇಲಿ ಹನ್ನೆರಡು ಜನ ಬರ್ಕೊಳ್ಳೋರು ಇದ್ದಾರೆ. ಎಲ್ಲಾರೂ ಗಿಡ್ಡ ಗಿಡ್ಡಕ್ಕೆ ಇದ್ದಾರೆ ಸಾರ್, ನೋಡಿದ್ರೆ ಭಯ ಆಗುತ್ತೆ!"

ಎಂಜಿನಿಯರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಬಂದು, ಮೇಷ್ಟ್ರನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿದರು. ಅದಕ್ಕೆ ಕೈಗಳಷ್ಟೇ ಅಲ್ಲ, ಚಕ್ರಗಳೂ ಇದ್ದವು. ಮೇಷ್ಟ್ರು ಒಂದು ಗೇಣು ಹಿಂದಕ್ಕೆ ಜಾರಿ ನಿಂತರು.

"ಮೊದಲೇ ಹೇಳಿಬಿಡ್ತೀನಿ ಸಾರ್," ಎಂದರು ಎಂಜಿನಿಯರು. "ಎರಡನೇ ಪಂಪು ಕೆಟ್ಟಿರೋದನ್ನ ನಾನು ಮುಚ್ಚಿಟ್ಟಿಲ್ಲ. ಬರೀ ಹೇಳಿಲ್ಲ, ಅಷ್ಟೆ."

"ಅದಲ್ಲ," ಎಂದಳು ಹುಡುಗಿ. "ನಮ್ಮ ಶಾಲೆಗೆ ಹನ್ನೊಂದು ಗಂಟೆಗೆ ನೀರು ಯಾಕೆ ನಿಲ್ಲಿಸ್ತೀರಿ?"

ಎಂಜಿನಿಯರಿಗೆ ಅದು ಗೊತ್ತಿರಲಿಲ್ಲ. ನೀರುಗಂಟಿಯನ್ನು ಕರೆಸಿದರು. ಅವನು ಬಂದು, ಭಾವನನ್ನು ಎಂಜಿನಿಯರ ಕುರ್ಚಿಯಲ್ಲಿ ಕಂಡು, ಕೀಲಿಯನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಂಡ.

"ಹನ್ನೊಂದಕ್ಕೆ ನಿಲ್ಲಿಸೋದು ನೀವೇನಾ?" ಎಂದಳು ಹುಡುಗಿ.

"ಹೌದಮ್ಮಾ. ಹದಿನಾಲ್ಕು ವರ್ಷದಿಂದ ಒಂದು ದಿನ ತಪ್ಪಿಸಿಲ್ಲ. ಬೇಕಾದ್ರೆ ಭಾವನ್ನ... ಸಾಹೇಬ್ರನ್ನ ಕೇಳು."

"ಯಾಕೆ?"

ನೀರುಗಂಟಿ ಕೀಲಿಯನ್ನು ನೆಲಕ್ಕೆ ಊರಿದ. "ನನಗಿಂತ ಮುಂಚೆ ಇದ್ದವರು ನಿಲ್ಲಿಸ್ತಿದ್ರು."

"ಅವರ್ಯಾಕೆ ನಿಲ್ಲಿಸ್ತಿದ್ರು?"

"ಪುಸ್ತಕದಲ್ಲಿ ಬರೆದಿತ್ತು."

"ಪುಸ್ತಕದಲ್ಲಿ ಯಾರು ಬರೆದ್ರು?"

ಪ್ರಶ್ನೆ ಮೇಜಿನಿಂದ ಮೇಜಿಗೆ ನಡೆಯಿತು. ಒಬ್ಬರು ಇನ್ನೊಬ್ಬರ ಕಡೆ ಬೆರಳು ಮಾಡಿದರು. ಇನ್ನೊಬ್ಬರು ಹಿಂದಿನ ಕೋಣೆಯ ಕಪಾಟಿನ ಕಡೆ ಮಾಡಿದರು. ಕಪಾಟಿಗೆ ಬೆರಳು ಮಾಡಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅದರ ಬಾಗಿಲು ತೆಗೆಯಲೇಬೇಕಾಯಿತು. ಧೂಳಿಗೆ ಹನ್ನೆರಡು ಮಕ್ಕಳೂ ಸೀನಿದರು. ಅಡಿಯಲ್ಲಿದ್ದ ಕಡತದಿಂದ ಒಂದು ಹಳದಿಯಾದ ಕಾಗದ ಹೊರಬಂತು. ಎಂಜಿನಿಯರು ಗಟ್ಟಿಯಾಗಿ ಓದಿದರು:

"...ನಮ್ಮ ಶಾಲೆಯ ಮೊಗಸಾಲೆಯ ನಲ್ಲಿ ಮುರಿದು, ನೀರು ಏಳನೇ ತರಗತಿಗೆ ನುಗ್ಗಿ, ಪಾಠಕ್ಕೆ ನೆಲದ ಮೇಲೆ ಹಾಸಿದ್ದ ಮಹಾಸಾಗರಗಳ ನಕ್ಷೆಯು ತೇಲಿಹೋದ ಪ್ರಯುಕ್ತ, ಭೂಗೋಳದ ಪಾಠ ಆರಂಭವಾಗುವ ಹನ್ನೊಂದು ಗಂಟೆಯಿಂದ ನಮಗೆ ನೀರು ನಿಲ್ಲಿಸಬೇಕಾಗಿಯೂ, ನಾವು ಪುನಃ ತಿಳಿಸುವವರೆಗೆ ಹಾಗೆಯೇ ಮುಂದುವರಿಸಬೇಕಾಗಿಯೂ ಕೋರುತ್ತೇನೆ."

"ಎಷ್ಟು ವರ್ಷದ ಹಿಂದಿನದು?" ಎಂದ ಒಬ್ಬ ಹುಡುಗ.

"ಹತ್ತೊಂಬತ್ತು," ಎಂದರು ಎಂಜಿನಿಯರು. ಹಾಗೆನ್ನುತ್ತ ಕೆಳಗಿನ ಸಹಿ ನೋಡಿದರು. ಆಮೇಲೆ ಮೇಷ್ಟ್ರನ್ನು ನೋಡಿದರು. ಮೇಷ್ಟ್ರ ಮುಖ ಕಾಗದದ ಬಣ್ಣಕ್ಕೆ ತಿರುಗಿತ್ತು.

ನಲ್ಲಿ ಮುರಿದದ್ದು ನಿಜ. ನಕ್ಷೆ ತೇಲಿದ್ದು ನಿಜ. ಮರುವಾರವೇ ನಲ್ಲಿ ರಿಪೇರಿಯಾಗಿತ್ತು. ಪುನಃ ತಿಳಿಸುವುದು ಮಾತ್ರ ಮರೆತುಹೋಗಿತ್ತು. ಆ ಹತ್ತೊಂಬತ್ತು ವರ್ಷಗಳಲ್ಲಿ ಎಷ್ಟು ತರಗತಿಗಳು ಬಂದು ಹೋದವೋ, ಎಷ್ಟು ಮಕ್ಕಳು ಆ ನಲ್ಲಿಯ ಕೆಳಗೆ ಬಾಯಿ ಒಡ್ಡಿ ನಿಂತು ಮರಳಿದರೋ! ಚಕ್ರದ ಕುರ್ಚಿ ಮೇಷ್ಟ್ರ ಕೆಳಗೆ ಮೆಲ್ಲನೆ ತಿರುಗಿತು.

ಎಂಜಿನಿಯರು ಅವರ ಕಿವಿಯ ಹತ್ತಿರ ಬಾಗಿದರು. "ಸಾರ್, ಹಳೇ ಕಾಗದ. ನಮ್ಮಲ್ಲಿ ಇಲಿ ಕಾಟ ಬೇರೆ. ಇವತ್ತೇ ಕಾಣೆಯಾಗಬಹುದು. ತಾವು ಮನಸ್ಸು ಮಾಡಬೇಕು ಅಷ್ಟೆ."

"ಸಾರ್," ಎಂದಳು ಹುಡುಗಿ, ಪೆನ್ಸಿಲ್ ಹಿಡಿದು. "ಯಾರು ಬರೆದಿದ್ದು ಅಂತ ಇದೆ?"

ಇಪ್ಪತ್ತೆರಡು ವರ್ಷ ಕೈಹಿಡಿದು ಕಾಪಾಡಿದ ಮಾತು ಮೇಷ್ಟ್ರ ನಾಲಿಗೆಯ ತುದಿಯವರೆಗೆ ಬಂತು. ಅವರು ಅದನ್ನು ನುಂಗಿದರು.

"ನಾನೇ ಕಣಮ್ಮಾ ಬರೆದಿದ್ದು."

ಹನ್ನೆರಡು ಪೆನ್ಸಿಲುಗಳು ನಿಂತವು. ಮಕ್ಕಳು ನಗುತ್ತಾರೆ, ಇಲ್ಲವೇ ಸಿಟ್ಟಾಗುತ್ತಾರೆ ಎಂದು ಮೇಷ್ಟ್ರು ಕಣ್ಣು ಕಿರಿದು ಮಾಡಿಕೊಂಡು ಕಾದರು. ಹುಡುಗಿ 'ನಮ್ಮ ಸಾರ್' ಎಂದು ಬರೆದುಕೊಂಡು, ಅದೇ ದನಿಯಲ್ಲಿ ಕೇಳಿದಳು:

"ನಕ್ಷೆ ತೇಲಿದಾಗ ಹೇಗಿತ್ತು ಸಾರ್?"

"ಹೇಗಿತ್ತು ಅಂದ್ರೆ..." ಮೇಷ್ಟ್ರು ಕುರ್ಚಿಯಿಂದ ಮುಂದಕ್ಕೆ ಬಂದರು. ಇದನ್ನು ಯಾರೂ ಅವರನ್ನು ಕೇಳಿರಲಿಲ್ಲ. "ಸಾಗರ ಎಲ್ಲ ಮೊದಲು ಬಾಗಿಲ ಕಡೆ ಹೋಯ್ತು. ಖಂಡಗಳು ಬೆಂಚಿನ ಕಾಲಿಗೆ ಸಿಕ್ಕಿಕೊಂಡ್ವು. ನಾನು ಪ್ಯಾಂಟು ಮಡಚಿಕೊಂಡು ಭೂಮಿ ಹಿಂದೆ ಓಡಿದೆ..."

ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಂಜಿನಿಯರು ನಕ್ಕರು. ನೀರುಗಂಟಿ ನಗಲೋ ಬೇಡವೋ ತಿಳಿಯದೆ ಕೀಲಿಗೆ ಆತು ನಿಂತ. ಮೇಷ್ಟ್ರು ಒಂದು ಹಾಳೆ ಕೇಳಿ ಪಡೆದು, ಅಲ್ಲೇ ಬರೆದರು: 'ಹತ್ತೊಂಬತ್ತು ವರ್ಷಗಳ ಹಿಂದಿನ ನನ್ನ ಕಾಗದಕ್ಕೆ ಸಂಬಂಧಿಸಿದಂತೆ, ಈಗ ಪುನಃ ತಿಳಿಸುತ್ತಿದ್ದೇನೆ.'

"ಇದರ ಮೇಲೆ ತಮ್ಮ ಅಧಿಕಾರದ ಮೊಹರು ಬೇಕಲ್ಲ ಸಾರ್?" ಎಂದರು ಎಂಜಿನಿಯರು.

"ನನಗೆ ಯಾವ ಅಧಿಕಾರವೂ ಇಲ್ಲ. ನಾನು ಭೂಗೋಳದ ಮೇಷ್ಟ್ರು. ಹಲಗೆ ಸಾಲದೆ ಪೇಂಟರು ಹಾಗೆ ಬರೆದುಬಿಟ್ಟ. ನಾನೂ ಸುಮ್ಮನಿದ್ದೆ."

ಎಂಜಿನಿಯರು ನಿಂತಲ್ಲೇ ಸ್ವಲ್ಪ ಹೊತ್ತು ಎರಡನೇ ಪಂಪನ್ನು ನೆನೆದರು. ಆಮೇಲೆ ನಿಟ್ಟುಸಿರು ಬಿಟ್ಟು ಹಾಳೆಯನ್ನು ಕಡತಕ್ಕೆ ಸೇರಿಸಿದರು. "ಇರಲಿ ಬಿಡಿ. ಒಬ್ಬ ಮೇಷ್ಟ್ರ ಮಾತಿಗೆ ಹತ್ತೊಂಬತ್ತು ವರ್ಷ ಬೆಲೆ ಕೊಟ್ಟಿದ್ದೀವಿ. ಇನ್ನೊಂದು ಮಾತಿಗೆ ಕೊಡೋಕೇನು ಕಷ್ಟ?"

ಮೇಷ್ಟ್ರು ಶಾಲೆಗೆ ಮರಳಿ ಎಲ್ಲವನ್ನೂ ದೊಡ್ಡ ಮೇಡಂ ಅವರಿಗೆ ಒಪ್ಪಿಸಿದರು; ಬೈಗುಳಕ್ಕೆ ಸಿದ್ಧವಾಗಿ ನಿಂತೇ ಹೇಳಿದರು. ಮೇಡಂ ತಮ್ಮ ಮೇಜಿನ ಮೇಲಿನ ಬಾಟಲಿಯನ್ನು ಮೆಲ್ಲನೆ ಹಿಂದಕ್ಕೆ ಸರಿಸಿದರು.

"ನಾನು ಬಂದು ಒಂಬತ್ತು ವರ್ಷ ಆಯ್ತು ಮೇಷ್ಟ್ರೇ. ದಿನಾ ಮನೆಯಿಂದ ನೀರು ತರ್ತೀನಿ. ಯಾಕೆ ಅಂತ ನಾನೂ ಕೇಳ್ಕೊಳ್ಳಲಿಲ್ಲ," ಎಂದರು. "ವರದೀಲಿ ಅದನ್ನೂ ಸೇರಿಸಿ."

ಮರುದಿನ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಇಡೀ ಶಾಲೆ ಮೊಗಸಾಲೆಯಲ್ಲಿ ಸೇರಿತು. ನಲ್ಲಿ ತಿರುಗಿಸಿ ಬಿಟ್ಟು, ಕೆಳಗೊಂದು ಬಕೆಟ್ ಇಟ್ಟರು. ಗಣಿತದವರು ಕೈಗಡಿಯಾರ ಹಿಡಿದು ಎಣಿಸಿದರು. ಹನ್ನೊಂದಾಯಿತು. ನಲ್ಲಿ ಹಳೆಯ ಅಭ್ಯಾಸದಂತೆ ಒಮ್ಮೆ ಗೊರ ಎಂದಿತು. ನೀರು ನಿಲ್ಲಲಿಲ್ಲ. ಹನ್ನೊಂದು ಒಂದು. ಹನ್ನೊಂದು ಎರಡು. ಬಕೆಟ್ ತುಂಬಿ ಹೊರಚೆಲ್ಲಿದಾಗ ಎದ್ದ ಕೇಕೆ ಇಸ್ತ್ರಿ ಅಂಗಡಿಯವರೆಗೂ ಕೇಳಿಸಿತಂತೆ. ಮಕ್ಕಳು ಸಾಲಾಗಿ ಬಂದು ಬೊಗಸೆ ಒಡ್ಡಿ ಕುಡಿದರು. ಬಾಯಾರಿಕೆ ಇಲ್ಲದವರೂ ಎರಡೆರಡು ಸಲ ಕುಡಿದರು.

ಹಿಂದಿನ ದಿನ ನಾಚಿಕೆಯಿಂದ ಮನೆಯಲ್ಲಿ ಬಾಯಿ ಬಿಡದಿದ್ದ ಮೇಷ್ಟ್ರು ಆ ಸಂಜೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ವಿಚಾರಣೆ ಮುಗೀತು," ಎಂದರು. "ತಪ್ಪು ಮಾಡಿದವನು ಸಿಕ್ಕಿಬಿದ್ದ."

"ಯಾರಂತೆ?"

"ನಾನೇ. ಹತ್ತೊಂಬತ್ತು ವರ್ಷದ ಹಿಂದೆ ಒಂದು ಕಾಗದ ಬರೆದಿದ್ದೆನಂತೆ. ಹನ್ನೊಂದು ಗಂಟೆಗೆ ನೀರು ನಿಲ್ಲಿಸಿ ಅಂತ."

ಹೆಂಡತಿ ಒಲೆ ಸಣ್ಣ ಮಾಡಿ ಇತ್ತ ತಿರುಗಿದರು. "ಆ ಕಾಗದಾನಾ? ನಿಮ್ಮ ಅಕ್ಷರ ಯಾರಿಗೂ ಓದೋಕಾಗಲ್ಲ ಅಂತ ನಾನೇ ಅಲ್ವೇನ್ರೀ ಕೂತು ಚೆನ್ನಾಗಿ ಬರೆದುಕೊಟ್ಟಿದ್ದು? ನೀವು ಸಹಿ ಹಾಕಿದ್ದು ಅಷ್ಟೆ."

ಮೇಷ್ಟ್ರು ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. "ನಿನಗೆ ಗೊತ್ತಿತ್ತಾ? ಊರೆಲ್ಲ ಸುತ್ತಿ ಬಂದೆನಲ್ಲೇ! ಹೇಳಬಾರದಿತ್ತಾ?"

"ನೀವೆಲ್ಲಿ ಕೇಳಿದ್ರಿ?" ಎಂದರು ಹೆಂಡತಿ.

ಮೇಷ್ಟ್ರು ಅಲ್ಲೇ ಇದ್ದ ಮರದ ಮಣೆಯನ್ನು ಎಳೆದುಕೊಂಡು ಕೂತರು. ತುಂಬ ಹೊತ್ತು ಹೆಂಡತಿಯನ್ನೇ ನೋಡಿದರು. ಮದುವೆಯಾಗಿ ಇಪ್ಪತ್ತು ವರ್ಷವಾಗಿತ್ತು.

"ಇವತ್ತು ಬೆಳಿಗ್ಗೆಯಿಂದ ಏನೇನ್ ಮಾಡಿದೆ?" ಎಂದು ಕೇಳಿದರು.

ಹೆಂಡತಿ ಬಂದು ಅವರ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ. ಮತ್ತೊಂದು ಸಲ ಕುತ್ತಿಗೆ ಮುಟ್ಟಿ ನೋಡಿದರು. ಅಲ್ಲೂ ಇರಲಿಲ್ಲ. ಆಗ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಎದುರಿಗೆ ಗೋಡೆಗೊರಗಿ ಕೂತು, ಬೆಳಿಗ್ಗೆ ಐದೂವರೆಯಿಂದ ಶುರುಮಾಡಿದರು.